ಪ್ರೊವಾನ್ಸ್ ಹಡಗಿನ ಲೋಬಾನ

ಮ್ಯಾನ್‌ಹೈಮ್, ಜರ್ಮನಿ,
ಶುಕ್ರವಾರ, ೧೫ ಜೂನ್ ೨೦೦೧

ನೇತ್ರಾನ ಅಪ್ಪನವರಿಗೆ ಗೌರಕ್ಕನ ನಮಸ್ಕಾರಗಳು.

ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಹೇಳಿ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತಿದ್ದೀರೋ, ಇಲ್ಲಾ ಹೇಳುವವಳು ದೂರ ಹೋದಳೆಂದು ಕುಂಟಿಕೊಂಡೇ ಹುಬ್ಬಳ್ಳಿ ಪೇಟೆ ಸುತ್ತುತ್ತಿದ್ದೀರೋ? ಪಕ್ಕದ ಮನೆಯ ಗಂಗವ್ವ ದಿನಾ ರೊಟ್ಟಿ ಕಳಿಸುತ್ತಾಳೆ ತಾನೇ? ರಾತ್ರಿ ಝುಣಕ ತಿನ್ನಬೇಡಿ, ಆಮೇಲೆ ಎದೆ ಉರಿಯುತ್ತದೆ ಎಂದು ದೇವರನ್ನು ಬೈಯುತ್ತೀರಿ. ಕಳೆದ ವಾರ ಇಲ್ಲಿಂದ ಹೊರಟ ರಾಮಸ್ವಾಮಿಯವರ ಕೈಯಲ್ಲಿ ಕಳಿಸಿದ ಗಂಟು ಭಾನುವಾರ ನಿಮಗೆ ಸಿಗುತ್ತದೆ. ಅವರು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ವಾರ ಇದ್ದು ಹುಬ್ಬಳ್ಳಿಗೆ ಬರುತ್ತಾರಂತೆ. ಅದರಲ್ಲಿರುವ ಚಾಕಲೇಟು ಓಣಿಯ ಮಕ್ಕಳಿಗೆ ಕೊಡಿ, ನೀವೇ ಕೂತು ತಿನ್ನಬೇಡಿ. ಮಧ್ಯಾಹ್ನದ ನಿದ್ದೆ ಕೆಡಿಸುತ್ತದೆಂದು ಮನೆಯ ಫೋನನ್ನೇ ತೆಗೆಸಿಹಾಕಿದ ಪುಣ್ಯಾತ್ಮರು ನೀವು, ಹಾಗಾಗಿ ಎಲ್ಲವನ್ನೂ ಬರೆದೇ ತಿಳಿಸಬೇಕು. ಅಳಿಯ ಶೈಲೇಶನ ಆಫೀಸಿನ ದ್ವಾರಕನಾಥ ಇವತ್ತು ಸಂಜೆ ವಿಮಾನ ಹತ್ತುತ್ತಾನೆ, ತಂಗಿಯ ಮದುವೆಗೆ ಧಾರವಾಡಕ್ಕೆ. ಈ ಪತ್ರ ಅವನ ಕೈಯಲ್ಲೇ ಬರುತ್ತದೆ.

ಈಗ ಗಾಬರಿಯಾಗದೆ ಓದಿ. ಕೂಸು ಚೆನ್ನಾಗಿದೆ. ನೇತ್ರಾ ಚೆನ್ನಾಗಿದ್ದಾಳೆ. ನನ್ನ ಎಡಗಡೆಯ ಹುಬ್ಬು ಸುಟ್ಟಿದೆ, ಇಳಕಲ್ ಸೀರೆಯ ಸೆರಗು ಕರಕಲಾಗಿದೆ, ಅಷ್ಟೇ. ನಾವೆಲ್ಲ ಈಗ ಮನೆಯಲ್ಲಿಲ್ಲ. ಇಲ್ಲಿಯ ಓಣಿಯ ಕೊನೆಯಲ್ಲಿರುವ ಶಾಲೆಯ ದೊಡ್ಡ ಆಟದ ಕೋಣೆಯಲ್ಲಿ ಕೂತಿದ್ದೇವೆ. ಮಕ್ಕಳಿಗೆ ರಜೆ, ಹಾಗಾಗಿ ಓಣಿಯ ಜನರನ್ನೆಲ್ಲ ಮನೆ ಬಿಡಿಸಿ ಇಲ್ಲಿ ಕೂಡಿಸಿದ್ದಾರೆ. ಅಳಿಯ ಆಚೆ ಪೊಲೀಸರ ಹತ್ತಿರ ನಿಂತಿದ್ದಾನೆ. ನಮ್ಮ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಯುದ್ಧದ ಮದ್ದುಗುಂಡು ತೆಗೆಯುವವರು ಇಳಿದಿದ್ದಾರೆ. ಮನೆ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕನ್ನಡ ಶಾಲೆ ಮಾಸ್ತರಣಿ ಅಂತ ಹಾಸ್ಯ ಮಾಡಬೇಡಿ.

ಮನೆಯ ಮಾಲೀಕ ಲಿಂಡೆಮಾನ್ ಬಗ್ಗೆ ಹಿಂದಿನ ಪತ್ರದಲ್ಲಿ ಬರೆದಿದ್ದೆ. ಹೆಂಡತಿ ತೀರಿಹೋದ ಮುದುಕ, ಕೆಳಗಿನ ಮನೆಯಲ್ಲಿ ಒಬ್ಬನೇ ಇರುತ್ತಾನೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕದ ಕೋಣೆಯಲ್ಲಿ, ಒಂದು ಹಡಗು ಕಟ್ಟುತ್ತಿದ್ದಾನೆ. ಫ್ರೆಂಚರ ಯುದ್ಧದ ಹಡಗು, ಹೆಸರು ಪ್ರೊವಾನ್ಸ್. ನಮ್ಮ ಊಟದ ಮೇಜಿನಷ್ಟು ಉದ್ದ. ನಾನು ಕೂಸಿನ ಬಟ್ಟೆ ಒಗೆಯಲು ಇಳಿದಾಗಲೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದ. ಹಡಗಿನ ಮೇಲೆ ಜೋಡಿ ಜೋಡಿಯಾಗಿ ಹತ್ತು ತೋಪು, ಹಿತ್ತಾಳೆಯನ್ನು ತಾನೇ ಕಡೆದು ಮಾಡಿದ್ದು. ನಿಜವಾದ ತೋಪಿನ ಬಾಯಿ ಮೂವತ್ತನಾಲ್ಕು ಸೆಂಟಿಮೀಟರ್ ಅಗಲವಂತೆ, ಒಂದೊಂದು ಗುಂಡು ಐದು ಕ್ವಿಂಟಲ್‌ಗಿಂತ ಹೆಚ್ಚು ತೂಗುತ್ತಿತ್ತಂತೆ. ಐದು ಕ್ವಿಂಟಲ್ ಜೋಳ ನಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಎಂದು ನಾನು ನೇತ್ರಾನ ಮೂಲಕ ಕೇಳಿದೆ; ಮುದುಕ ಬಿದ್ದು ಬಿದ್ದು ನಕ್ಕ. ಒಂದು ಜೋಡಿ ತೋಪು ಮುಗಿಸಿ ನನ್ನ ಕೈಗೆ ಕೊಟ್ಟಾಗ ನಾನು ಸುಮ್ಮನಿರದೆ ವಿಭೂತಿ ಹಚ್ಚಿದೆ. ಆಯುಧ ಕಂಡರೆ ನಮ್ಮ ಕೈ ಸುಮ್ಮನಿರುತ್ತದೆಯೇ? ಅದನ್ನು ಅವನು ಇವತ್ತಿನವರೆಗೆ ಒರೆಸಿಲ್ಲ.

ಶತ್ರುವಿನ ಹಡಗನ್ನು ಯಾಕೆ ಕಟ್ಟುತ್ತೀ ಎಂದೂ ಕೇಳಿದ್ದೆ. ಎರಡನೇ ಮಹಾಯುದ್ಧದಲ್ಲಿ, ತುಲೋನ್ ಎಂಬ ಫ್ರಾನ್ಸಿನ ಬಂದರಿನಲ್ಲಿ, ಜರ್ಮನರ ಕೈಗೆ ಸಿಗಬಾರದೆಂದು ಫ್ರೆಂಚರೇ ತಮ್ಮ ಹಡಗುಗಳನ್ನು ಮುಳುಗಿಸಿದರಂತೆ. ಆಮೇಲೆ ಜರ್ಮನರು ಈ ಪ್ರೊವಾನ್ಸಿನ ತೋಪು ಎರಡನ್ನು ಕಿತ್ತು ಗುಡ್ಡದ ಮೇಲೆ ಕೂಡಿಸಿದರು. ಆ ತೋಪಿನ ಕೆಲಸಕ್ಕೆ ಹಾಕಿದ ಹುಡುಗರಲ್ಲಿ ಲಿಂಡೆಮಾನನ ಅಣ್ಣ ಕಾರ್ಲನೂ ಒಬ್ಬ. ೧೯೪೪ರ ಈಸ್ಟರ್ ಹಬ್ಬಕ್ಕೆ ರಜೆ ಹಾಕಿ ಮನೆಗೆ ಬಂದು ಹೋದವನು ಆಗಸ್ಟಿನಲ್ಲಿ ಅಲ್ಲೇ ಸತ್ತ. ಹಡಗು ಕಟ್ಟುವುದು ಅದಕ್ಕೇ. ಇನ್ನೊಂದು ಮಾತೂ ಹೇಳಿದ್ದ, ಅದು ಇವತ್ತು ನನ್ನ ಜೀವ ಹಿಂಡಿತು. ಫ್ರೆಂಚರ ದೊಡ್ಡ ತೋಪುಗಳಿಗೆ ಹಾಕುವ ಮದ್ದು ನಮ್ಮ ಪಟಾಕಿಯದರಂತೆ ಕರಿ ಪುಡಿಯಲ್ಲ. ಕೊಂಬು ಸೀಳಿದ ಹಾಗಿರುವ ಹಳದಿ-ಕಂದು ಪಟ್ಟಿಗಳು, ಅವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಗುಂಡಿನ ಹಿಂದೆ ನೂಕುತ್ತಿದ್ದರು. ಆ ಮದ್ದು ಹಳೆಯದಾದರೆ ಒಳಗೊಳಗೇ ಕೊಳೆತು, ಬಿಸಿಯೇರಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಅದೇ ತುಲೋನಿನಲ್ಲಿ, ಮೊದಲ ಮಹಾಯುದ್ಧಕ್ಕೂ ಮುಂಚೆ, ಎರಡು ದೊಡ್ಡ ಹಡಗುಗಳು ಬಂದರಿನಲ್ಲಿ ನಿಂತಲ್ಲೇ ಹಾಗೆ ಸಿಡಿದು ನೂರಾರು ಜನ ಸತ್ತರು. ಯುದ್ಧವಿರಲಿಲ್ಲ, ಶತ್ರು ಇರಲಿಲ್ಲ. ಅಷ್ಟು ದೊಡ್ಡ ತೋಪು ಹೊತ್ತವರಿಗೆ ತಮ್ಮದೇ ಮದ್ದು ಕಾಯಲು ಬರಲಿಲ್ಲವೇ ಎಂದು ನಾನು ಅಂದಿದ್ದೆ.

ನಮ್ಮ ಕಥೆಗೆ ಬರುತ್ತೇನೆ. ಬಾಣಂತಿಗೂ ಕೂಸಿಗೂ ಎರೆದ ಮೇಲೆ ಲೋಬಾನದ ಹೊಗೆ ಕೊಡದಿದ್ದರೆ ನನಗೆ ಸಮಾಧಾನವಿಲ್ಲ, ನಿಮಗೇ ಗೊತ್ತು. ಹುಬ್ಬಳ್ಳಿಯಿಂದ ತಂದದ್ದು ಮುಗಿಯುತ್ತ ಬಂದಿತ್ತು. ನೇತ್ರಾ ಲಿಂಡೆಮಾನನನ್ನು ಕೇಳಿದಳು. ಅವನ ಹೆಂಡತಿ ಕ್ರಿಸ್ಮಸ್ಸಿಗೆ ಮನೆಯಲ್ಲಿ ಧೂಪ ಹಾಕುತ್ತಿದ್ದಳಂತೆ, ನೆಲಮಾಳಿಗೆಯ ಕಪಾಟಿನಲ್ಲಿ ನೀಲಿ ಡಬ್ಬಿಯಲ್ಲಿದೆ, ಎಷ್ಟು ಬೇಕೋ ತಗೊಳ್ಳಿ ಎಂದ. ನಾನು ಹೋಗಿ ನೋಡಿದರೆ ನೀಲಿ ಡಬ್ಬಿ ಎರಡು, ಎರಡೂ ಹಳೆಯ ಬಿಸ್ಕತ್ತಿನ ಡಬ್ಬಿಗಳೇ. ಮೇಲಿನದರಲ್ಲಿ ಪುಟ್ಟ ಪುಟ್ಟ ಹಳದಿ ಕಾಳು. ಇದೆಂಥ ಲೋಬಾನ ಎಂದು ಮೂಗು ಮುರಿದೆ. ಕೆಳಗಿನದನ್ನು ತೆರೆದರೆ ಕಂದು ಬಣ್ಣದ ಚಪ್ಪಟೆ ಚೂರುಗಳು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಥೇಟು ದುರ್ಗದ ಬೈಲಿನ ಅಂಗಡಿಯ ಲೋಬಾನ. ವಾಸನೆ ಮಾತ್ರ ಹಳೆಯ ಔಷಧಿ ಬಾಟಲಿಯದರಂತೆ ಇತ್ತು. ಹುಬ್ಬಳ್ಳಿಯಲ್ಲಿ ಈಗ ಲೋಬಾನವೆಂದು ಬರೀ ರಾಳ ಮಾರುತ್ತಾರೆ ಎಂದು ನೀವು ಬರೆದಿದ್ದಿರಲ್ಲ, ಶುದ್ಧ ಮಾಲು ಹೀಗೇ ಇರಬೇಕೆಂದು ನಾನು ಒಂದಷ್ಟು ಸೆರಗಿಗೆ ಸುರಿದುಕೊಂಡು ಬಂದೆ. ನಮ್ಮದು ಮುಗಿಯುವವರೆಗೆ ಅದನ್ನು ಕೆಂಡಕ್ಕೆ ಹಾಕಲಿಲ್ಲ. ಮುಗಿದದ್ದು ನಿನ್ನೆ.

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಮಾಡಿದೆ. ಇಲ್ಲಿ ಮಾಂಸ ಸುಡಲು ಮಾರುವ ಇದ್ದಿಲು, ಏನು ಮಾಡುವುದು. ಒಳಗೆ ನೇತ್ರಾ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಕೆಂಡವನ್ನು ಒಳಗೆ ಒಯ್ದು, ಅದರ ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಕೂಸನ್ನು ಹಿಡಿಯುವುದು ನಮ್ಮ ರೂಢಿ. ಆದರೆ ಮೊದಲ ಚಿಟಿಕೆ ದೇವರಿಗೆ ಎಂದು ನಮ್ಮವ್ವ ಕಲಿಸಿದ್ದಳಲ್ಲ, ಆ ಚಿಟಿಕೆಯನ್ನು ಬಾಲ್ಕನಿಯಲ್ಲೇ, ದೂರ ನಿಂತು, ಸೂರ್ಯನ ಕಡೆ ನೋಡಿ ಹಾಕಿದೆ. ನೀವಾದರೆ ದೇವರ ಮುಂದೆ ಜಿಪುಣತನ ಬೇಡವೆಂದು ಹಿಡಿ ತುಂಬ ಸುರಿದು, ಬಾಗಿ ಕಣ್ಣು ಮುಚ್ಚಿ ಊದುತ್ತೀರಿ. ನನ್ನದು ಒಂದೇ ಚೂರು. ಭುಸ್ ಎಂದು ನನಗಿಂತ ಎತ್ತರ ಬೆಂಕಿ ಎದ್ದಿತು. ಹೊಗೆಯಿಲ್ಲ, ಸಿಡಿತವಿಲ್ಲ, ಬರೀ ಹಳದಿ ಬೆಂಕಿ. ಕಣ್ಣು ಬಿಡುವಷ್ಟರಲ್ಲಿ ಮುಗಿದೇಹೋಯಿತು. ಸೆರಗು ಉರಿಯುತ್ತಿತ್ತು. ನೇತ್ರಾ ಒಳಗಿನಿಂದಲೇ "ಅವ್ವಾ, ಹಿಂದ ಸರಿ! ಸೆರಗ ಬಿಚ್ಚಿ ಒಗಿ!" ಎಂದು ಕೂಗಿದಳು. ಸೆರಗನ್ನು ಗೋಡೆಗೆ ಬಡಿದು ಆರಿಸಿದೆ. ಮಿಕ್ಕಿದ್ದೆಲ್ಲ ಬಟ್ಟಲಿನಲ್ಲಿ ನನ್ನ ಕಾಲ ಹತ್ತಿರವೇ ಇತ್ತು. ಅದನ್ನು ಒಳಗೆ ಒಯ್ದು ಬುಟ್ಟಿಯ ಕೆಳಗೆ ಹಾಕಿದ್ದರೆ ಎಂದು ಯೋಚಿಸಿದಾಗಲೆಲ್ಲ ಪೆನ್ನು ಕೆಳಗಿಟ್ಟು ಕೂಸನ್ನು ಮುಟ್ಟಿ ನೋಡುತ್ತೇನೆ.

ಕೂಗು ಕೇಳಿ ಲಿಂಡೆಮಾನ್ ಏದುಸಿರು ಬಿಡುತ್ತ ಮೇಲೆ ಬಂದ. ಬಟ್ಟಲಿನ ಚೂರನ್ನು ಕಂಡವನೇ ಸುಣ್ಣದ ಹಾಗೆ ಬಿಳಿಚಿಕೊಂಡ. ಬಟ್ಟಲನ್ನೇ ಎತ್ತಿ ಸ್ನಾನದ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದ. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಅಂದ: "ತುಲೋನ್." ಬೇರೆ ಏನೂ ಹೇಳಬೇಕಾಗಿರಲಿಲ್ಲ. ಕಾರ್ಲ ಆ ಈಸ್ಟರಿಗೆ ಬಂದಾಗ, ಅವ್ವನಿಗೆ ಒಲೆ ಹೊತ್ತಿಸಲು ಅನುಕೂಲವೆಂದು ತೋಪಿನ ಮದ್ದಿನ ಪಟ್ಟಿಗಳನ್ನು ಮುರಿದು ಕೆಳಗಿನ ಆ ನೀಲಿ ಡಬ್ಬಿ ತುಂಬಿ ತಂದುಕೊಟ್ಟಿದ್ದನಂತೆ; ಹೆಂಡತಿಯ ಧೂಪ ಇದ್ದದ್ದು ಮೇಲಿನದರಲ್ಲಿ. ಅಣ್ಣನ ಕೈಯಿಂದ ಬಂದ ಕೊನೆಯ ವಸ್ತು. ಮುದುಕನಿಗೆ ಅದನ್ನು ಬಿಸಾಡಲು ಮನಸ್ಸಾಗಲಿಲ್ಲ. ತಣ್ಣನೆಯ ನೆಲಮಾಳಿಗೆಯಲ್ಲಿ ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತು. ಕಳೆದ ಚಳಿಗಾಲದಲ್ಲಿ ಕಪಾಟಿನ ಹಿಂದಿನ ಗೋಡೆಗೆ ಹೊಸ ಬಾಯ್ಲರ್ ಕೂಡಿಸಿದರು, ಗೋಡೆ ಬೆಚ್ಚಗಾಯಿತು. ಅವನು ನೆಲಮಾಳಿಗೆಗೆ ಓಡಿದ, ಹಿಂದೆಯೇ ನಾನೂ ಇಳಿದೆ. ಡಬ್ಬಿಯ ಮುಚ್ಚಳದ ಸಂದಿಯಿಂದ ಕೆಂಪು ಕಂದು ಹೊಗೆ ನೂಲಿನಂತೆ ಏಳುತ್ತಿತ್ತು, ಮೂಗು ಚುರುಗುಟ್ಟಿತು. ಎರಡು ವಾರದ ಹಿಂದೆ ನಾನು ತೆರೆದಾಗ ಈ ಹೊಗೆ ಇರಲಿಲ್ಲ.

ನೇತ್ರಾ ಪೊಲೀಸರಿಗೆ ಫೋನು ಮಾಡಿದಳು. ಅಷ್ಟರಲ್ಲಿ ಶೈಲೇಶ ಆಫೀಸಿನಿಂದ ಓಡಿ ಬಂದ. ಬಂದವನು ಕೂಸಿನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, "ಅತ್ತಿ, ಪೊಲೀಸ್ರ ಮುಂದ ನೀವು ಏನೂ ಮಾತಾಡಬ್ಯಾಡ್ರಿ. ಪರದೇಶದವರ ಮನ್ಯಾಗ ತೋಪಿನ ಮದ್ದು ಸಿಕ್ಕತಂದ್ರ ನನ್ನ ಜರ್ಮನ್ ಗ್ರೀನ್ ಕಾರ್ಡ್ ಕಿತ್ಗೊಂಡು ಕಳಸ್ತಾರ" ಎಂದ. ಕನ್ನಡ ಬಿಟ್ಟು ಬೇರೆ ಬಾರದವಳು ಪೊಲೀಸರಿಗೆ ಏನು ಹೇಳಬೇಕಿತ್ತೋ! ಪಾಪ, ಹೆದರಿದ್ದ, ನಾನು ಬೇಸರ ಮಾಡಿಕೊಳ್ಳಲಿಲ್ಲ. ಪಾಸ್‌ಪೋರ್ಟುಗಳನ್ನು ನೋಡಿ ಹೆಸರು ಬರೆದುಕೊಂಡಿದ್ದಾರೆ. ಸೋಮವಾರ ಕಚೇರಿಗೆ ಬನ್ನಿ ಎಂದಿದ್ದಾರೆ.

ಆದರೆ ಮುದುಕ ಹೊರಗೆ ಬರಲು ಒಪ್ಪಲಿಲ್ಲ. ಎಲ್ಲರೂ ಬೀದಿಗಿಳಿದರೂ ಅವನು ನೆಲಮಾಳಿಗೆಯ ಮೆಟ್ಟಿಲ ಮೇಲೆ ಹಡಗಿನ ಕಡೆ ಮುಖ ಮಾಡಿ ಕೂತಿದ್ದ. ಪೊಲೀಸಿನವನು ಕರೆದ, ನೇತ್ರಾ ಕರೆದಳು, ಅಲುಗಲಿಲ್ಲ. ಕೂಸನ್ನು ನೇತ್ರಾನ ಕೈಯಲ್ಲಿ ಬಿಟ್ಟು ನಾನು ಒಳಗೆ ಹೋದೆ. ನನ್ನ ಹಿಂದೆ ಮಗಳು ಕಿರುಚಿದ್ದು ಕೇಳಿಸಿತು. ಮುದುಕನ ತೋಳು ಹಿಡಿದು, "ಏಳೋ ಯಪ್ಪಾ, ನಿಮ್ಮಣ್ಣ ಒಲಿ ಹಚ್ಚಾಕ ಕೊಟ್ಟಾನ, ಸಾಯಾಕ ಕೊಟ್ಟಿಲ್ಲ" ಎಂದೆ. ಅವನಿಗೆ ಅರ್ಥವಾಗಿರಲಾರದು. ಆದರೆ ನನ್ನ ಸುಟ್ಟ ಹುಬ್ಬು ನೋಡಿ ಎದ್ದ. ಹಡಗನ್ನು ಎತ್ತಲು ಆಗುತ್ತದೆಯೇ? ವಿಭೂತಿ ಹಚ್ಚಿದ ಆ ಒಂದು ಜೋಡಿ ತೋಪನ್ನು ಕಿತ್ತು ಎದೆಗೆ ಹಿಡಿದುಕೊಂಡು ನನ್ನ ಜೊತೆ ಬಂದ. ಪೊಲೀಸರ ಮುಂದೆ, ಡಬ್ಬಿ ನನ್ನದು, ತಪ್ಪು ನನ್ನದು, ಈ ಹೆಣ್ಣುಮಗಳು ನಾನು ಹೇಳಿದಲ್ಲಿಂದಲೇ ತೆಗೆದುಕೊಂಡಳು ಎಂದು ಹೇಳಿಕೆ ಕೊಟ್ಟನಂತೆ. ಈಗ ಇಲ್ಲೇ ನನ್ನ ಪಕ್ಕದಲ್ಲಿ ಕೂತಿದ್ದಾನೆ. ತೋಪಿನ ಜೋಡಿ ತೊಡೆಯ ಮೇಲಿದೆ. ಹೊರಗೆ ಸಣ್ಣ ಸದ್ದಾದರೂ ಇಬ್ಬರೂ ಬಾಗಿಲ ಕಡೆ ನೋಡುತ್ತೇವೆ.

ಹೆರಿಗೆ ಮನೆಯಲ್ಲಿ ಗಂಡಸಿಗೇನು ಕೆಲಸ ಎಂದು ನೀವು ಬರದೆ ಉಳಿದಿರಿ. ವಿಮಾನ ಹತ್ತುವಾಗ ಆ ಸಿಟ್ಟಿಗೆ ನಿಮ್ಮ ಜೊತೆ ಮಾತಾಡಲಿಲ್ಲ. ಇವತ್ತು ಬೆಂಕಿ ಎದ್ದ ಕ್ಷಣ ನನಗೆ ನೆನಪಾದದ್ದು ನೀವೇ, ಮುಚ್ಚಿಡುವುದೇನು. ತೊಟ್ಟಿಲ ಕಾರ್ಯ ಹುಬ್ಬಳ್ಳಿಯಲ್ಲೇ ಮಾಡೋಣ. ಗಂಗವ್ವನಿಗೆ, ಓಣಿಯ ಎಲ್ಲರಿಗೆ ನನ್ನ ನೆನಪು ಹೇಳಿ. ಕೂಸು ಈಗ ನಿದ್ದೆಯಲ್ಲಿ ನಗುತ್ತಿದೆ, ಅದು ಅಜ್ಜನಿಗೇ ಎಂದು ತಿಳಿಯಿರಿ. ಎಣ್ಣೆ ತಿಕ್ಕಿಕೊಳ್ಳಿ.

ನಿಮ್ಮ,
ಗೌರಕ್ಕ

ತಾ. ಕ.: ದ್ವಾರಕನಾಥ ಚೀಲ ಹಿಡಿದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಡಬ್ಬಿಯನ್ನು ಹೊರಗೆ ತಂದರಂತೆ, ಮನೆ ಉಳಿಯಿತು. ಆದರೆ ಮದ್ದು ತೆಗೆಯುವವರ ಹಿರಿಯ ಈಗಷ್ಟೇ ಬಂದು, ಡಬ್ಬಿಯಿಂದ ತೆಗೆದದ್ದು ಬಕೆಟ್ಟಿನಲ್ಲಿದ್ದಷ್ಟೇ ತಾನೇ ಎಂದು ನೇತ್ರಾನ ಮೂಲಕ ಕೇಳಿದ. ಹೌದೆಂದು ತಲೆ ಆಡಿಸುತ್ತಿದ್ದವಳು ಅರ್ಧಕ್ಕೇ ನಿಂತುಬಿಟ್ಟೆ. ರೀ, ರಾಮಸ್ವಾಮಿಯವರ ಗಂಟಿನಲ್ಲಿ, ಚಾಕಲೇಟಿನ ಕೆಳಗೆ, ಕೆಂಪು ಖಣದ ಚೀಲವಿದೆ. ಶುದ್ಧ ಲೋಬಾನವೆಂದು ನಿಮ್ಮ ಸೋಮವಾರದ ಪೂಜೆಗೆ ಎರಡು ಹಿಡಿ ಕಟ್ಟಿ ಕಳಿಸಿದ್ದೆ. ಅದು ಅದೇ ಡಬ್ಬಿಯದು. ಕೆಂಡಕ್ಕೆ ಹಾಕಬೇಡಿ, ಊದಬೇಡಿ, ದೀಪದ ಹತ್ತಿರವೂ ತರಬೇಡಿ. ಚೀಲ ಬಿಚ್ಚದೆ ಬಕೆಟ್ ನೀರಿನಲ್ಲಿ ಮುಳುಗಿಸಿ ಹಿತ್ತಿಲಿನಲ್ಲಿಟ್ಟು ಪೊಲೀಸರನ್ನು ಕರೆಯಿರಿ. ಶೈಲೇಶ ಗಂಗವ್ವನ ಮನೆಗೆ ಫೋನು ಮಾಡುತ್ತಲೇ ಇದ್ದಾನೆ, ಬರೀ ರಿಂಗ್ ಆಗುತ್ತಿದೆ. ರಾಮಸ್ವಾಮಿಯವರ ಮಗಳ ನಂಬರು ಯಾರ ಹತ್ತಿರವೂ ಇಲ್ಲ, ಹುಡುಕುತ್ತಿದ್ದಾರೆ. ಅಷ್ಟರೊಳಗೆ ಸುದ್ದಿ ಮುಟ್ಟಿದ್ದರೆ ಇದನ್ನು ಓದಿ ನಗಿ. ಮುಟ್ಟಿರದಿದ್ದರೆ ದ್ವಾರಕನಾಥನನ್ನು ಬಾಗಿಲಲ್ಲಿ ಕೂಡಿಸಿ, ಚಹಾ ಆಮೇಲೆ ಕೊಡಿ, ಮೊದಲು ಆ ಚೀಲ ಹುಡುಕಿ. ಈ ಸೋಮವಾರ ಊದಿನಕಡ್ಡಿಯೂ ಬೇಡ. ಬರೀ ಬಿಲ್ವಪತ್ರೆ ಏರಿಸಿ ಸುಮ್ಮನೆ ಕೂತಿರಿ. ಶಿವ ಯಾಕೆಂದು ಕೇಳಿದರೆ ನನ್ನ ಹೆಸರು ಹೇಳಿ.