ದಾಯಾದಿ ಎಂಬ ಬೈಗುಳ

ಹಳಿಯಾಳ
೯ ಜುಲೈ ೨೦೨೫, ಬುಧವಾರ

ಪ್ರೀತಿಯ ಶಂಕ್ರತ್ತೆ,

ನಿನ್ನ ಮೊಣಕಾಲು ಹೇಗಿದೆ? ಅನಮೋಡದ ಥಂಡಿಯಲ್ಲಿ ಚಹಾದಂಗಡಿಯ ಮುಂದೆ ದಿನವಿಡೀ ನಿಲ್ಲಬೇಡ, ಒಂದು ಸ್ಟೂಲು ಹಾಕಿಕೊ. ಇವತ್ತು ಬೆಳಿಗ್ಗೆ ಅಪ್ಪ ಒಂದು ಕಾಗದಕ್ಕೆ ವಿಭೂತಿ ಹಚ್ಚಿ, ಕೈಮುಗಿದು, ತಹಶೀಲ್ದಾರ ಕಚೇರಿಗೆ ಒಯ್ದ. ಅಜ್ಜನ ಹೊಲಕ್ಕೆ ನಿನ್ನ ಹೆಸರನ್ನೂ ಸೇರಿಸಬೇಕೆಂದು ನೀನು ಕೊಟ್ಟ ಅರ್ಜಿಗೆ ಅವನ ತಕರಾರು ಅದು. ಬರೆದವಳು ನಾನು.

ಸಿಟ್ಟಾಗಬೇಡ, ಪೂರ್ತಿ ಓದು. ಅಜ್ಜ ತೀರಿಕೊಂಡ ಮೇಲೆ, ಅವನ ಶಿವಗಣಾರಾಧನೆಯ ಹಿಂದಿನ ದಿನ ಅಪ್ಪ, "ಬಿ.ಎ. ಮುಗಿಸೀಯಲ್ಲ, ಸಹೋದರಿ ಅಂದ್ರ ಏನವಾ?" ಎಂದಿದ್ದ. ನನ್ನ ಓದಿನ ಬಗ್ಗೆ ಅವನು ಕೇಳಿದ್ದು ಅದೇ ಮೊದಲು. ಹಿಗ್ಗಿ ಹೇಳಿಬಿಟ್ಟೆ: ಉದರ ಎಂದರೆ ಹೊಟ್ಟೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು ಸಹೋದರಿ. ಮರುದಿನ ಬೀಗರ ಮುಂದೆ ಅದನ್ನೇ ನಿನ್ನ ಮೇಲೆ ಎಸೆದ. "ನನ್ನ ಮಗಳ ಹೇಳ್ಯಾಳ. ನಮ್ಮವ್ವ ಬ್ಯಾರೆ, ನಿಮ್ಮವ್ವ ಬ್ಯಾರೆ. ಅಪ್ಪ ಒಬ್ಬ ಆದ್ರ ಆತೇನು? ನೀ ಯಾವ ಸಹೋದರಿ? ಉಂಡು ಹೊಂಡು." ನೀನು ನನ್ನ ಕಡೆ ನೋಡಿದೆ. ನಾನು ಬಾಯಿ ತೆರೆಯಲಿಲ್ಲ. ನೀನು ಉಣ್ಣದೆ ಹೋದೆ. ನನಗೆ ಅಕ್ಷರ ತಿದ್ದಿಸಿದವಳು ನೀನು. ಆ ನೋಟ ಮೂರು ತಿಂಗಳಿಂದ ನನ್ನನ್ನು ತಿನ್ನುತ್ತಿದೆ. ಅಪ್ಪನ ಮಾತೇ ಅಪ್ಪನಿಗೆ ತಿರುಗಲಿ ಎಂದು ಕಾಯುತ್ತಿದ್ದೆ.

ನಿನ್ನೆ, "ನಿನ್ನ ಅಕ್ಷರ ಚಂದ ಅದಾವ, ನೀನ ಬರಿ" ಎಂದು ಕೂರಿಸಿದ. "ಶಂಕ್ರವ್ವ ನನ್ನ ಸಹೋದರಿ ಅಲ್ಲ" ಎಂದ. ಆಮೇಲೆ ಹಲ್ಲು ಕಡಿದು, "ಆಕಿ ನನ್ನ ದಾಯಾದಿ" ಎಂದ. ಅವನ ಬಾಯಲ್ಲಿ ಅದು ಬೈಗುಳ, ಹಗೆಯವಳು ಎಂದು. ನನ್ನ ಪೆನ್ನು ನಿಂತಿತು. ದಾಯ ಎಂದರೆ ಹಿರಿಯರ ಆಸ್ತಿಯ ಪಾಲು. ಅದನ್ನು ಪಡೆಯುವವರೇ ದಾಯಾದಿ. "ಯಾಕ ನಿಂತಿ? ಒತ್ತಿ ಬರಿ, ಸಾಹೇಬರ ಕಣ್ಣಿಗೆ ರಾಚಬೇಕು!" ಒತ್ತಿ ಬರೆದೆ. ಎರಡು ಸಲ ಓದಿಸಿ, ನಕ್ಕು, ಸಹಿ ಮಾಡಿದ. ನಾನು ಚಹಾ ಮಾಡಿಕೊಟ್ಟೆ, ಸಕ್ಕರೆ ತುಸು ಹೆಚ್ಚೇ ಹಾಕಿ.

ಮಾವನಿಗೆ ನಮಸ್ಕಾರ. ಗುಳಿಗೆ ತಪ್ಪಿಸಬೇಡ.

ನಿನ್ನ ಸೊಸೆ,
ಶಿವಗಂಗಾ

ತಾ.ಕ.: ವಿಚಾರಣೆ ಸೋಮವಾರ ಹನ್ನೊಂದು ಗಂಟೆಗೆ. ತಪ್ಪದೆ ಬಾ. ಆ ಪದದ ಅರ್ಥವನ್ನು ಯಾರೂ ಕೇಳದಿದ್ದರೂ ನಾನೇ ಎದ್ದು ಹೇಳುತ್ತೇನೆ, ಅಪ್ಪನ ಮುಖ ನೋಡುತ್ತಲೇ. ಆಮೇಲೆ ಈ ಮನೆಗೆ ಕಾಲಿಡುವುದಿಲ್ಲ. ಅನಮೋಡಕ್ಕೆ ಹಿಂತಿರುಗುವಾಗ ಎರಡು ಟಿಕೀಟು ತೆಗೆಸು.