ಮೂರು ಹಣ್ಣಿನ ಪದ್ಯಕ್ಕೆ ಸೊನ್ನೆ ಕೊಟ್ಟವರಿಗೆ

ತಾಲೂಕು ಶಿಕ್ಷಣ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಮ್ಮೂರ ಶಾಲೆಯ ಕೌ ಟೀಚರನ್ನು ನೀವು ಪಠ್ಯಪುಸ್ತಕದ ಗೋದಾಮಿಗೆ ತಳ್ಳಿದ್ದೀರಿ. ಐದನೇ ಕ್ಲಾಸಿನ ಮಕ್ಕಳಿಗೆ ಹಳೆಯ ಪದ್ಯಗಳನ್ನು ಪ್ರಶ್ನೆ ಕೇಳಿ ಕೇಳಿ ಕಲಿಸಿದ್ದೇ ಆಕೆಯ ಅಪರಾಧ. ಹದಿನೆಂಟು ವರ್ಷ ಪಾಠ ಮಾಡಿದ ಹೆಂಗಸು ಈಗ ಪುಸ್ತಕದ ಕಟ್ಟುಗಳಿಗೆ ಹಗ್ಗ ಬಿಗಿಯುತ್ತಿದ್ದಾಳೆ. ಇದು ಅನ್ಯಾಯ, ಮಾಡಿದವರು ನೀವು. ಮೊದಲು ನಿಮ್ಮ ಕುಶಲ ವಿಚಾರಿಸಬೇಕಿತ್ತೇನೋ. ನನಗೆ ಅಷ್ಟು ಪ್ರೀತಿ ಉಳಿದಿಲ್ಲ.

ರಾದ್ಧಾಂತಕ್ಕೆ ಕಾರಣವಾದ ಪದ್ಯ ಹಿಂದೆ ನಮ್ಮ ದೇಶವನ್ನಾಳಿದ ಟಾಂಗ್ ದೊರೆಗಳ ಕಾಲದ್ದಂತೆ, ನಾಲ್ಕೇ ಸಾಲು. ದಂಡು ದಾಟಿಹೋದ ಊರು, ಖಾಲಿ ಕಣಜ, ಪರ್ಸಿಮನ್ ಮರದ ತುದಿಯಲ್ಲಿ ಮೂರು ಕೆಂಪು ಹಣ್ಣು, ಬಾಗಿಲಲ್ಲಿ ನಿಂತು ಕಾಗೆಯನ್ನು ನೋಡುವ ಮುದುಕಿ. ನಿಮ್ಮ ಕಚೇರಿ ಕಳಿಸಿದ ಉತ್ತರದ ಪುಸ್ತಿಕೆಯ ಪ್ರಕಾರ, ಗಂಡಸರೆಲ್ಲ ಯುದ್ಧಕ್ಕೆ ಹೋಗಿ ಕೀಳುವವರಿಲ್ಲದೆ ಹಣ್ಣು ಮರದಲ್ಲೇ ಉಳಿದಿದೆ, ಅದು ಕವಿಯ ಶೋಕ. ಬಾಯಿಪಾಠ ಮಾಡಿಸಿದ್ದರೆ ಐದು ನಿಮಿಷದ ಕೆಲಸ. ಕೌ ಟೀಚರ್ ಆ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಕೀಳುವವರೇ ಇಲ್ಲದಿದ್ದರೆ ಮರದ ತುಂಬ ಹಣ್ಣಿರಬೇಕಲ್ಲ, ಮೂರೇ ಯಾಕೆ ಎಂದು ಕೇಳಿದಳು. ದಂಡಿನವರು ಕಿತ್ಕೊಂಡು ಹೋದರು ಎಂದ ಹಿಟ್ಟಿನ ಗಿರಣಿಯವನ ಮಗ. ‘ಹಸಿದ ಸಿಪಾಯಿ ಮೂರು ಹಣ್ಣು ಎಣಿಸಿ ಬಿಟ್ಟು ಹೋಗ್ತಾನೇನೋ?’ ಎಂದು ಕೇಳಿ ಆಕೆ ಸುಮ್ಮನೆ ನಿಂತಳಂತೆ. ಮಕ್ಕಳೂ ಸುಮ್ಮನಾದವು. ಹಿಂದಿನ ಬೆಂಚಿನಲ್ಲಿದ್ದ ನಿಮ್ಮ ತನಿಖಾಧಿಕಾರಿ ಅದನ್ನು ‘ಬೋಧನಾ ಅವಧಿಯ ಅಪವ್ಯಯ’ ಎಂದು ವರದಿಯಲ್ಲಿ ಬರೆದ. ಮಕ್ಕಳು ಯೋಚಿಸುವಾಗ ಸದ್ದು ಬರುವುದಿಲ್ಲ ಎಂದು ಆ ಮಹಾಶಯನಿಗೆ ಯಾರೂ ತಿಳಿಸಿರಲಿಲ್ಲವೇ?

ಉತ್ತರ ಸಿಗದೆ ಮಕ್ಕಳು ಪ್ರಶ್ನೆಯನ್ನು ಮನೆಗೆ ತಂದವು. ನನ್ನ ಮೊಮ್ಮಗಳು ಯಾನ್‌ಲಿ ಬಂದಾಗ ನಾನು ಅಂಗಳದಲ್ಲಿ, ಒಣಗಿಸುವ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದೆ. ನಮ್ಮಲ್ಲಿ ಪರ್ಸಿಮನ್ ಕೀಳುವಾಗ ತುದಿಯ ಕೆಲವನ್ನು ಹಕ್ಕಿಗಳಿಗೆ ಬಿಡುತ್ತೇವೆ. ಚಳಿಗಾಲ ಕಳೆದು ಉಳಿದ ಹಕ್ಕಿ ವಸಂತದಲ್ಲಿ ಮರದ ಹುಳ ತಿನ್ನುತ್ತದೆ, ಮರ ಮತ್ತೆ ಫಲ ಕೊಡುತ್ತದೆ. ಅಷ್ಟನ್ನು ಹೇಳಿ ಮುಗಿಸಿದೆ ಅಂದುಕೊಂಡರೆ ಅವಳು ಬಿಡಲಿಲ್ಲ.

“ತಿನ್ನೋಕೆ ಏನೂ ಇಲ್ದಿರೋ ವರ್ಷಾನೂ ಬಿಡ್ತಿದ್ರಾ ಅಜ್ಜಿ?”

ಬಿಡುತ್ತಿದ್ದೆವು. ಬರಗಾಲದ ವರ್ಷ ನನಗೆ ಎಂಟು. ಮರದ ತೊಗಟೆ ಅರೆದು ಗಂಜಿ ಕಾಯಿಸುತ್ತಿದ್ದ ಕಾಲ. ಆಗಲೂ ಅಮ್ಮ ತುದಿಯಲ್ಲಿ ಎರಡು ಹಣ್ಣು ಬಿಟ್ಟಳು. ನಾನು ಹತ್ತಿ ಒಂದನ್ನು ತಿಂದೆ. ಕೋಲು ಮುರಿಯುವವರೆಗೆ ಹೊಡೆದಳು. ಹೆತ್ತ ಮಗಳಿಗಿಂತ ಕಾಗೆ ಹೆಚ್ಚಾಯಿತೇ ಇವಳಿಗೆ ಎಂದು ಅರವತ್ತು ವರ್ಷ ಒಳಗೊಳಗೇ ಕುದಿದಿದ್ದೇನೆ. ಅವಳು ಸತ್ತಾಗಲೂ ಸರಿಯಾಗಿ ಅಳಲಿಲ್ಲ. ಇದನ್ನೆಲ್ಲ ಯಾನ್‌ಲಿಗೆ ಹೇಳಿದೆ. ಅವಳು ಬಹಳ ಹೊತ್ತು ಸಿಪ್ಪೆಯ ರಾಶಿ ಕೆದಕುತ್ತ ಕೂತಿದ್ದಳು.

“ಹಕ್ಕಿಗೆ ಬಿಡೋದು ಮುಂದಿನ ವರ್ಷದ ಹಣ್ಣಿಗೆ ತಾನೆ? ಹಂಗಾದ್ರೆ ಮುಂದಿನ ವರ್ಷ ನೀನು ಬದುಕಿರ್ತೀಯ ಅಂತ ಮುತ್ತಜ್ಜಿ ಅಂದ್ಕೊಂಡಿದ್ಲು.”

ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ನಾನು ಒಳಗೆ ಹೋದೆ. ಒಲೆ ಹೊತ್ತಿಸಿಯೇ ಇರಲಿಲ್ಲ.

ಪರೀಕ್ಷೆಯಲ್ಲಿ ಅದೇ ಪದ್ಯ ಬಂತು. ಮುದುಕಿ ಹಸಿದಿದ್ದರೂ ಹಣ್ಣನ್ನು ಹಕ್ಕಿಗೆ ಬಿಟ್ಟಿದ್ದಾಳೆ, ಊರಿಗೆ ಇನ್ನೊಂದು ವರ್ಷ ಇದೆ ಎಂದು ನಂಬಿದ್ದಾಳೆ ಎಂದು ಯಾನ್‌ಲಿ ಬರೆದಳು. ಆರಕ್ಕೆ ಸೊನ್ನೆ. ಪುಸ್ತಿಕೆಯ ಉತ್ತರ ಬಿಟ್ಟು ತಮಗೆ ತೋಚಿದ್ದನ್ನು ಬರೆದ ತರಗತಿಯ ಇಪ್ಪತ್ತಮೂರು ಮಕ್ಕಳಿಗೂ ಸೊನ್ನೆ. ಶಾಲೆ ನಿಮ್ಮ ಪಟ್ಟಿಯ ತಳಕ್ಕೆ ಬಿತ್ತು, ಟೀಚರ್ ಗೋದಾಮಿಗೆ ಬಿದ್ದಳು.

ನಾನು ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದಿದ್ದೆ. ಚಹಾದ ಲೋಟದ ಮುಚ್ಚಳ ತಿರುಗಿಸುತ್ತ, ಎಷ್ಟನೇ ಕ್ಲಾಸು ಓದಿದ್ದೀರಿ ಅಜ್ಜಿ ಎಂದು ವಿಚಾರಿಸಿದಿರಿ. ಎರಡು ಎಂದೆ.

“ಪರಿಣತರು ಕೂತು ಬರೆದಿರೋ ಉತ್ತರ ಅದು. ನಿಮಗೆ ಗೊತ್ತಾಗಲ್ಲ.”

“ಆ ಪರಿಣತರಲ್ಲಿ ಹಣ್ಣು ಕಿತ್ತೋರು ಎಷ್ಟು ಜನ ಸ್ವಾಮಿ?”

ನೀವು ಹೊರಗೆ ಕಾಯುತ್ತಿದ್ದವರನ್ನು ಒಳಗೆ ಕರೆಸಿದಿರಿ.

ನನ್ನ ಮೊಮ್ಮಗಳ ಉತ್ತರವೊಂದೇ ಸರಿ ಎಂದು ನಾನು ವಾದಿಸುತ್ತಿಲ್ಲ. ಕೌ ಟೀಚರ್ ಕೂಡ ಹಾಗೆ ಹೇಳಿಲ್ಲ. ನಿಮ್ಮ ಉತ್ತರವನ್ನೂ ಆಕೆ ಮಕ್ಕಳ ಮುಂದಿಟ್ಟಳು. ಬಾಕಿ ಹಣ್ಣು ಎಲ್ಲಿ ಹೋದವು ಎಂದು ಹೇಳಲು ಅದಕ್ಕೆ ಬರಲಿಲ್ಲ, ಅಷ್ಟೆ. ಸಾವಿರ ವರ್ಷದ ಹಿಂದೆ ಸತ್ತ ಕವಿ ನಿಮ್ಮ ಕಚೇರಿಗೆ ಬಂದು ಸಹಿ ಮಾಡಿದ ಹೇಳಿಕೆ ಕೊಟ್ಟು ಹೋಗಿದ್ದಾನೆಯೇ? ಕೊಟ್ಟಿದ್ದರೆ ತೋರಿಸಿ. ಇಲ್ಲವಾದರೆ ಹತ್ತು ವರ್ಷದ ಹುಡುಗಿ ತಲೆ ಓಡಿಸಿದ್ದಕ್ಕೆ ಶಿಕ್ಷೆ ವಿಧಿಸುವ ಅಧಿಕಾರ ನಿಮಗೆ ಎಲ್ಲಿಂದ ಬಂತು?

ಹೊಸ ಮೇಷ್ಟ್ರು ನಿಮ್ಮ ಉತ್ತರವನ್ನು ಐವತ್ತು ಸಲ ಬರೆಸಿದ್ದಾರೆ. ಯಾನ್‌ಲಿ ಮುದ್ದಾದ ಅಕ್ಷರದಲ್ಲಿ ಬರೆದಳು. ಮೊನ್ನೆ ನಮ್ಮ ಮೇಕೆ ಮೇವು ಮುಟ್ಟಲಿಲ್ಲ. ಯಾಕಿರಬಹುದು ಎಂದು ಅವಳನ್ನು ಕೇಳಿದೆ. ಮೊದಲಾಗಿದ್ದರೆ ಮೇಕೆಯ ಬಾಯಿ, ಗೊರಸು, ಹಿಕ್ಕೆ ಎಲ್ಲವನ್ನೂ ನೋಡಿ ಬರುತ್ತಿದ್ದಳು. ಈಗ ಕೂತಲ್ಲಿಂದಲೇ, “ಸರಿ ಉತ್ತರ ಯಾವ್ದು ಅಂತ ನೀನೇ ಹೇಳ್ಬಿಡಜ್ಜಿ, ಬರ್ಕೊಳ್ತೀನಿ,” ಅಂದಳು. ತಮಾಷೆಗೆ ಅಂದದ್ದಲ್ಲ.

ಸೋಮವಾರ ಮೊದಲ ಗಂಟೆ ಹೊಡೆಯುವಾಗ ಕೌ ಟೀಚರ್ ತನ್ನ ತರಗತಿಯಲ್ಲಿರಬೇಕು. ಇಲ್ಲದಿದ್ದರೆ ಇಪ್ಪತ್ತಮೂರು ಮಕ್ಕಳನ್ನೂ ಗೋದಾಮಿನ ಬಾಗಿಲಿಗೆ ಕರೆತರುತ್ತೇವೆ, ಪಾಠ ಅಲ್ಲೇ ನಡೆಯುತ್ತದೆ. ಮಣೆಗಳನ್ನು ನಾವೇ ಹೊತ್ತು ತರುತ್ತೇವೆ, ನಿಮಗೂ ಒಂದು ಹೆಚ್ಚಿಗೆ ಇರುತ್ತದೆ. ಉತ್ತರದ ಪುಸ್ತಿಕೆ ಮಾತ್ರ ಕಚೇರಿಯಲ್ಲೇ ಬಿಟ್ಟು ಬನ್ನಿ.

ಇಂತಿ,
ಕಾಗುಣಿತಕ್ಕೆ ಮೊಮ್ಮಗಳನ್ನೂ ಕಟುಮಾತಿಗೆ ತನ್ನನ್ನೂ ನೆಚ್ಚಿಕೊಂಡಿರುವ,
ಎರಡನೇ ಕ್ಲಾಸು ಪಾಸಾದಳೋ ಇಲ್ಲವೋ ತಿಳಿಯದ ಮುದುಕಿ
ದಾಂಗ್ ಸುಲಾನ್