ಐದನೇ ಎಸೆತಗಾರ

ವೆಸ್ಟ್ ಆಲಿಸ್,
ಜನವರಿ 21, 1988

ಪ್ರೀತಿಯ ನಾರ್ಬರ್ಟ್,

'ಪ್ರೀತಿಯ' ಎಂದದ್ದಕ್ಕೆ ಹುಬ್ಬೇರಿಸಬೇಡ. ಪತ್ರ ಹೇಗಾದರೂ ಶುರುವಾಗಬೇಕಲ್ಲ. ಮಂಜುಗಡ್ಡೆ ಕೊರೆಯುವ ನಿನ್ನ ಬೈರಿಗೆ ಇನ್ನೂ ನನ್ನ ನೆಲಮಾಳಿಗೆಯಲ್ಲೇ ಬಿದ್ದಿದೆ. ಕೆರೆಗಳೆಲ್ಲ ಗಟ್ಟಿಯಾಗಿವೆಯಂತೆ, ಮೀನು ಹಿಡಿಯುವವರು ಆಗಲೇ ತಮ್ಮ ಮರದ ಗೂಡುಗಳನ್ನು ಎಳೆದುಕೊಂಡು ಹೋಗಿ ಮಂಜುಗಡ್ಡೆಯ ಮೇಲೆ ಕೂತಿದ್ದಾರೆ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗು. ಇದನ್ನು ತಿಳಿಸಲೆಂದೇ ಬರೆಯುತ್ತಿದ್ದೇನೆ.

ಹೋಗಲಿ, ಸುಳ್ಳೇಕೆ. ನೀನು ಎರಡು ವಾರದಿಂದ ರೇಡಿಯೋಗೆ ಫೋನ್ ಮಾಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಿನಾ ಸಂಜೆ ಊಟದ ತಟ್ಟೆ ಹಿಡಿದು ರೇಡಿಯೋ ಪಕ್ಕ ಕೂರುತ್ತೇನೆ. ಬೇಸ್‌ಬಾಲ್ ಹರಟೆ ನಡೆಸುವ ಗಸ್ ಫೋನ್ ಮಾಡಿದವರನ್ನು ಒಬ್ಬೊಬ್ಬರನ್ನೇ ಕರೆಯುತ್ತಾನೆ. ಆಶ್‌ಕಾಶ್‌ನ ಕ್ಲೆಟಸ್ ಬರುತ್ತಾನೆ, ಮ್ಯಾನೇಜರನ್ನು ಓಡಿಸಿ ಎಂಬ ಅದೇ ಹಳೇ ರಾಗ ಎಳೆಯುತ್ತಾನೆ. ರಸೀನ್‌ನಿಂದ ಒಬ್ಬ ಬರುತ್ತಾನೆ, ಅವನಿಗೆ ಕ್ರೀಡಾಂಗಣದ ಸಾಸಿವೆ ಚಟ್ನಿಯದೇ ಚಿಂತೆ. ಮ್ಯಾನಿಟವಾಕ್‌ನ ನಾರ್ಬ್ ಮಾತ್ರ ಬರುವುದಿಲ್ಲ. ಮೊನ್ನೆ ನಾನು ಫೋನ್ ಮಾಡಿದಾಗ ಗಸ್ ಕೂಡ ಕೇಳಿದ. ಏನಮ್ಮಾ ಡೆಲ್ಫೀನ್, ನಿನ್ನ ವೈರಿ ಎಲ್ಲಿ, ಹೆದರಿ ಓಡಿಹೋದ್ನಾ ಅಂದ. ನನಗೇನು ಗೊತ್ತು, ನಾನೇನು ಅವನನ್ನ ಕಟ್ಕೊಂಡಿದೀನಾ ಅಂದೆ. ಕಟ್ಟಿಕೊಂಡಿದ್ದೇನೆ ಎಂದು ಪಾಪ ಗಸ್‌ಗೆ ಇವತ್ತಿಗೂ ತಿಳಿಯದು.

ಆರ್ಡೆಲ್‌ಗೆ ಮಾತ್ರ ಎಲ್ಲ ತಿಳಿದಿದೆ. ಶುಕ್ರವಾರ ಅವಳ ಬಾರಿಗೆ ಕರಿದ ಮೀನು ತಿನ್ನಲು ಹೋಗಿದ್ದೆ. ಗಂಡನ ಜೊತೆ ಜಗಳ ಆಡೋಕೆ ಇಡೀ ರಾಜ್ಯದ ಜನ ಸಾಕ್ಷಿ ಬೇಕೇನೇ ನಿಂಗೆ, ಒಂದು ಫೋನ್ ಮಾಡಿದ್ರೆ ಸವೆದುಹೋಗ್ತೀಯಾ ಎಂದು ಎಲ್ಲರೆದುರು ಕೇಳಿದಳು. ಫೋನ್ ಮಾಡ್ಬೇಡ, ಮಾತಾಡಿದ್ರೆ ಜಗಳವೇ ಆಗೋದು ಅಂತ ಅವನೇ ಹೇಳಿ ಹೋಗಿದಾನೆ, ಅದಕ್ಕೇ ಜಗಳಾನ ರೇಡಿಯೋಗೆ ಸಾಗಿಸಿದ್ವಿ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ನಿನ್ನ ನಂಬರು ತಿರುಗಿಸಿದೆ. ಬಹಳ ಹೊತ್ತು ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಭಾನುವಾರವೂ ಅಷ್ಟೇ. ಚರ್ಚಿಗೆ ಹೋಗಿರಬೇಕು ಎಂದುಕೊಂಡೆ. ನೀನು, ಚರ್ಚಿಗೆ!

ನೀನು ಟ್ರ್ಯಾಕ್ಟರ್ ಕಾರ್ಖಾನೆಯಿಂದ ನಿವೃತ್ತನಾಗಿ ಅಡುಗೆಮನೆಯಲ್ಲಿ ಬೇರುಬಿಟ್ಟ ಮೇಲೆ ನಾವು ಯಾವುದಕ್ಕೆ ಕಾದಾಡಲಿಲ್ಲ ಹೇಳು. ಕಾಫಿಗೆ, ಕಿಟಕಿಗೆ, ನಾನು ಈರುಳ್ಳಿ ಹೆಚ್ಚುವ ರೀತಿಗೆ. ನೀನು ಮ್ಯಾನಿಟವಾಕ್‌ಗೆ ಹೊರಟುಹೋದಾಗ ಅಬ್ಬಾ ಎನಿಸಿತು, ಅದೂ ನಿಜ. ಆಮೇಲೆ ಹೋದ ಚಳಿಗಾಲದ ಒಂದು ಸಂಜೆ, ಪಾತ್ರೆ ತೊಳೆಯುತ್ತಿದ್ದೆ, ರೇಡಿಯೋದಲ್ಲಿ ನಿನ್ನ ದನಿ. ನಮ್ಮ ತಂಡಕ್ಕೆ ಸರದಿಯ ಮೇಲೆ ಐವರು ಎಸೆತಗಾರರು ಬೇಕು, ಇರೋದು ನಾಲ್ವರು, ನಾಲ್ವರೂ ಬಲಗೈಯವರು, ಬ್ಯಾಟ್ ಬೀಸೋ ಆ ಹುಡುಗ ಟವಾರಿಸ್‌ನ ಬೇರೆ ತಂಡಕ್ಕೆ ಕೊಟ್ಟು ಅವರ ಎಡಗೈ ಎಸೆತಗಾರ ಹಾಲ್ವರ್ಸನ್‌ನ ತನ್ನಿ ಎಂದು ನೀನು ಕೂಗಾಡುತ್ತಿದ್ದೆ. ನಾನು ಒದ್ದೆ ಕೈಯಲ್ಲೇ ಫೋನ್ ಎತ್ತಿದೆ. ಹಾಲ್ವರ್ಸನ್‌ಗೆ ಮೂವತ್ತಾರು ವರ್ಷ, ಮೊಣಕೈಗೆ ಎರಡು ಸಲ ಕತ್ತರಿ ಬಿದ್ದಿದೆ, ಅಂಥವನಿಗಾಗಿ ಚಿನ್ನದಂಥ ಹುಡುಗನನ್ನ ಕೊಡು ಅನ್ನೋನ ತಲೆ ಪರೀಕ್ಷೆ ಮಾಡಿಸಿ ಎಂದೆ. ಮರುಸಂಜೆ ನೀನು ಬಂದೆ. ವೆಸ್ಟ್ ಆಲಿಸ್‌ನ ಆ ಹೆಂಗಸಿಗೆ ಚೆಂಡು ಯಾವುದು, ಆಲೂಗಡ್ಡೆ ಯಾವುದು ಅಂತ ಯಾರಾದ್ರೂ ಹೇಳ್ಕೊಡಿ ಎಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಆವತ್ತು ಆ ವ್ಯಾಪಾರ ಕುದುರಲಿಲ್ಲ, ಈ ವರ್ಷವೂ ಅದೇ ಮಾತು ಎದ್ದಿದೆ, ನಮ್ಮ ಪುಣ್ಯ. ಬೇಸಿಗೆಯಲ್ಲಿ ಆಟ ನಡೆಯುವಾಗ ನೀನು ಫೋನ್ ಮಾಡುವುದಿಲ್ಲ, ನೋಡುವುದರಲ್ಲೇ ಮುಳುಗಿರುತ್ತೀಯ. ನನಗೆ ನೀನು ಸಿಗುವುದು ಆಟವಿಲ್ಲದ ಈ ತಿಂಗಳುಗಳಲ್ಲಿ ಮಾತ್ರ. ಊರಿನವರೆಲ್ಲ ವಸಂತ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರೆ ನಾನೊಬ್ಬಳು ಬರಬೇಡ ಎನ್ನುತ್ತೇನೆ.

ಇನ್ನೊಂದು ಮಾತು. ಯಾರಿಗೂ ಹೇಳಬೇಡ. ಎಡಗೈ ಎಸೆತಗಾರ ಬೇಕೇ ಬೇಕು, ನಾರ್ಬ್. ಅದು ನನಗೆ ಮೊದಲಿನಿಂದಲೂ ಗೊತ್ತು. ಆ ನಾಲ್ವರನ್ನು ನಂಬಿ ಕೂತರೆ ಆಗಸ್ಟಿಗೆಲ್ಲ ನಾವು ಪಟ್ಟಿಯ ತಳದಲ್ಲಿರುತ್ತೇವೆ. ಆದರೆ ನಾನು ಹೌದು ಎಂದುಬಿಟ್ಟರೆ ಮರುದಿನ ಯಾತಕ್ಕೆ ಫೋನ್ ಮಾಡುತ್ತಿದ್ದೆ ನೀನು? ಅದಕ್ಕೇ ಟವಾರಿಸ್‌ನ ಹೆಸರಲ್ಲಿ ಹಟ ಹಿಡಿದು ಕೂತೆ. ಆ ಹುಡುಗ ಚೆಂಡಿಗೆ ಬ್ಯಾಟು ತಾಕಿಸಲಾಗದೆ ಸ್ಟ್ರೈಕ್ ಔಟ್ ಆದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಆದರೂ.

ಮನೆಯಲ್ಲಿ ಸದ್ದೇ ಇಲ್ಲ, ನಾರ್ಬರ್ಟ್. ಈರುಳ್ಳಿಯನ್ನು ಹೇಗೆ ಬೇಕಾದರೂ ಹೆಚ್ಚಬಹುದು, ಯಾರೂ ಏನೂ ಅನ್ನುವುದಿಲ್ಲ. ಅದು ಇಷ್ಟು ಬೇಸರದ ಸಂಗತಿ ಎಂದು ಗೊತ್ತಿರಲಿಲ್ಲ. ಕೋಪವಿದ್ದರೆ ಕೋಪ ಎಂದು ಬರೆ. ಸುಮ್ಮನಿರಬೇಡ.

ಇಂತಿ,
ಇನ್ನೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ,
ಡೆಲ್ಫೀನ್ ವಾಂಟಾ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ನೀನು ಬಂದೆ. ರೇಡಿಯೋದಲ್ಲಿ. ನಿನ್ನ ದನಿ ಎಷ್ಟು ಸಣ್ಣಗಾಗಿದೆ. ವೆಸ್ಟ್ ಆಲಿಸ್‌ನ ಹೆಂಗಸು ಹೇಳಿದ್ದೇ ಸರಿ, ಹುಡುಗನನ್ನ ಬಿಟ್ಕೊಡಬೇಡಿ ಅಂದೆ ನೀನು. ಗಸ್ ನಗುತ್ತಾ, ಏನು ನಾರ್ಬ್, ಸೋತ್ಯಾ ಅಂದ. ಹೂಂ ಕಣಪ್ಪ, ಸೋತೆ, ಅವಳಿಗೆ ತಿಳಿಸಿಬಿಡು ಅಂದೆ ನೀನು. ನಿನ್ನ ಹಿಂದೆ ಯಾರೋ ಧ್ವನಿವರ್ಧಕದಲ್ಲಿ ಡಾಕ್ಟರನ್ನು ಕರೆಯುತ್ತಿದ್ದರು. ಗಸ್‌ಗೆ ಕೇಳಿಸಲಿಲ್ಲವೇನೋ, ನನಗೆ ಕೇಳಿಸಿತು.

ಮದುವೆಯಾದಂದಿನಿಂದ ಒಂದು ದಿನವೂ ನಾನು ಹೇಳಿದ್ದು ಸರಿ ಎಂದವನಲ್ಲ ನೀನು. ಈಗ ಯಾಕೆ ಶುರುಮಾಡಿದೆ? ನಾನು ಒಪ್ಪುವುದಿಲ್ಲ. ಮ್ಯಾನಿಟವಾಕ್‌ನಲ್ಲಿ ಎಷ್ಟು ಆಸ್ಪತ್ರೆಗಳಿವೆಯೋ ಅಷ್ಟನ್ನೂ ಹುಡುಕುತ್ತೇನೆ, ಈ ಪತ್ರವನ್ನೂ ಹಿಡಿದು ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ಹಾಲ್ವರ್ಸನ್ ಯಾಕೆ ಬೇಕು ಅನ್ನೋದಕ್ಕೆ ಇದನ್ನು ಓದಿ ಮುಗಿಸುವಷ್ಟರಲ್ಲಿ ಏನಾದರೂ ಒಳ್ಳೆ ವಾದ ಹುಡುಕಿಡು.